ಇಲ್ಲಿ ಮುಗಿದ ಮಾತ್ರೆ ಪೇಟೆಂಟ್ ಅಮೆರಿಕದಲ್ಲಿ ಯಾಕೆ ಮುಗಿದಿಲ್ಲ?

2025ರ ಮಾರ್ಚ್ ಆದಮೇಲೆ ಮಂಡ್ಯದ ಮೆಡಿಕಲ್ ಸ್ಟೋರುಗಳಲ್ಲೂ ಎಂಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ಅಗ್ಗವಾಯಿತು. ಒಂದಕ್ಕೆ 60 ರೂಪಾಯಿ ಹತ್ತಿರ ಇದ್ದದ್ದು, ಬೇರೆ ಕಂಪನಿಯದು ತಗೊಂಡರೆ 10ರ ಆಸುಪಾಸು. "ಡೂಪ್ಲಿಕೇಟ್ ಅಲ್ಲ ತಾನೇ ಸಾರ್?" ಅಂತ ಸ್ಟ್ರಿಪ್ ತಿರುಗಿಸಿ ನೋಡಿದರೆ ತಪ್ಪೇನಿಲ್ಲ ಬಿಡಿ. ಆದರೆ ಆಗಿದ್ದು ಇಷ್ಟೇ, ಮಾರ್ಚ್ 11ಕ್ಕೆ ಪೇಟೆಂಟ್, ಅಂದರೆ ಒಂದೇ ಕಂಪನಿ ಮಾಡಿ ಮಾರುವ ಹಕ್ಕು, ಮುಗಿಯಿತು.

ಅಮೆರಿಕದಲ್ಲಿ ಇದೇ ಮಾತ್ರೆಯ ಮೂಲ ಪೇಟೆಂಟ್ 2028ರ ಆಗಸ್ಟ್ 1ರವರೆಗಿದೆ. ಅರ್ಜಿ ಹಾಕಿದ ದಿನದಿಂದ 20 ವರ್ಷ ಅನ್ನೋ ಲೆಕ್ಕ ಎರಡೂ ದೇಶದಲ್ಲಿ ಒಂದೇ. ಹೆಚ್ಚಿಗೆ ಸಿಕ್ಕಿದ ಕಾಲ ಮುಖ್ಯವಾಗಿ 1984ರ ಹ್ಯಾಚ್-ವ್ಯಾಕ್ಸ್‌ಮನ್ ಅನ್ನೋ ಅಮೆರಿಕದ ಕಾನೂನಿನ ಕೊಡುಗೆ; ಪೇಟೆಂಟ್ ಅವಧಿ ವಿಸ್ತರಿಸೋಕೆ ಅದರಲ್ಲಿ ಅವಕಾಶ ಇದೆ.

ಗದ್ದೆ ಗುತ್ತಿಗೆಗೆ ಹಿಡಿದವನು, ನಾಲೆಗೆ ನೀರು ಬಿಡದೆ ಎರಡು ಬೆಳೆ ಹೋಯ್ತು, ಇನ್ನೊಂದು ವರ್ಷ ಕೊಡಿ ಅಂತ ಕೇಳ್ತಾನಲ್ಲ, ಕಂಪನಿಗಳ ವಾದವೂ ಹಾಗೇ. ಪೇಟೆಂಟ್ ಅರ್ಜಿ ಮೊದಲೇ ಹಾಕಿರುತ್ತಾರೆ, ರೋಗಿಗಳ ಮೇಲಿನ ಪರೀಕ್ಷೆ, ಸರ್ಕಾರದ ಪರಿಶೀಲನೆ ಮುಗಿದು ಔಷಧ ಅಂಗಡಿಗೆ ಬರುವಷ್ಟರಲ್ಲಿ 20ರಲ್ಲಿ ಎಷ್ಟೋ ವರ್ಷ ಕರಗಿರುತ್ತೆ.

ಆದರೆ ಈ ವಿಸ್ತರಣೆ ಕೇಳಿದವರಿಗೆಲ್ಲ ಸಿಗಲ್ಲ. ಔಷಧಕ್ಕೆ ಅನುಮತಿ ಸಿಕ್ಕ 60 ದಿನದೊಳಗೆ ಅರ್ಜಿ ಹಾಕಬೇಕು. ಆಗ ಪೇಟೆಂಟ್ ಜೀವಂತ ಇರಬೇಕು, ಹಿಂದೆ ಅದನ್ನು ವಿಸ್ತರಿಸಿರಬಾರದು. ಒಂದು ಔಷಧಕ್ಕೆ ಹತ್ತು ಪೇಟೆಂಟ್ ಇದ್ದರೂ ವಿಸ್ತರಣೆ ಒಂದಕ್ಕೇ. ನನಗೆ ಹಿಡಿಸಿದ ಷರತ್ತು ಬೇರೆ: ಮಾತ್ರೆಯೊಳಗಿನ ಮುಖ್ಯ ಔಷಧಕ್ಕೆ ಮಾರಾಟದ ಅನುಮತಿ ಸಿಗುತ್ತಿರೋದು ಇದೇ ಮೊದಲ ಸಲ ಆಗಿರಬೇಕು. ಹಳೇ ಔಷಧವನ್ನೇ ಬೇರೆ ಡೋಸಿನಲ್ಲಿ ತಂದರೆ ನಡೆಯಲ್ಲ.

ಇನ್ನು ಲೆಕ್ಕ. ಪರೀಕ್ಷೆಗೆ ಹೋದ ಕಾಲದಲ್ಲಿ ಅರ್ಧ, ಪರಿಶೀಲನೆಗೆ ಹೋದದ್ದು ಪೂರ್ತಿ, ಅದೂ ಪೇಟೆಂಟ್ ಮಂಜೂರಾದ ನಂತರದ್ದು ಮಾತ್ರ. ಒಟ್ಟು 5 ವರ್ಷ ಮೀರುವಂತಿಲ್ಲ. ಜೊತೆಗೆ ಅನುಮತಿ ಸಿಕ್ಕ ದಿನದಿಂದ 14 ವರ್ಷಕ್ಕಿಂತ ಆಚೆ ಎಳೆಯುವಂತಿಲ್ಲ. ಎಂಪಾಗ್ಲಿಫ್ಲೋಜಿನ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 2014ರ ಆಗಸ್ಟ್ 1ಕ್ಕೆ. 14 ಕೂಡಿಸಿ ನೋಡಿ, ದಿನ ಕೂಡ ತಪ್ಪಲ್ಲ.

ಭಾರತದಲ್ಲಿ ಈ ಬಾಗಿಲೇ ಇಲ್ಲ. ಹಿತ್ತಿಲ ಬಾಗಿಲಿಗೂ ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಬೀಗ ಇದೆ: ಗೊತ್ತಿರುವ ಔಷಧದ ಹೊಸ ರೂಪಕ್ಕೆ, ಅದು ಜಾಸ್ತಿ ಕೆಲಸ ಮಾಡುತ್ತೆ ಅಂತ ತೋರಿಸದಿದ್ದರೆ, ಪೇಟೆಂಟ್ ಕೊಡಲ್ಲ. ಕ್ಯಾನ್ಸರ್ ಔಷಧ ಗ್ಲಿವೆಕ್ ಕೇಸಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ಕ್ಕೆ ಹೇಳಿದ್ದೂ ಇದನ್ನೇ. ಟಿಬಿ ಔಷಧ ಬೆಡಾಕ್ವಿಲಿನ್‌ನ ಹೊಸ ಲವಣಕ್ಕೆ (ಅದೇ ಔಷಧದ ಇನ್ನೊಂದು ರೂಪ) ಹಾಕಿದ್ದ ಅರ್ಜಿಯನ್ನು 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ತಿರಸ್ಕರಿಸಿತು. ಮೂಲ ಪೇಟೆಂಟ್ ಜುಲೈಗೆ ಮುಗಿಯಿತು. ಅರ್ಜಿ ಪಾಸಾಗಿದ್ದರೆ 2027ರವರೆಗೆ ಆ ಕಂಪನಿಯದ್ದೇ ಆಟ.