ಸಿನಿಮಾದಲ್ಲಿ ಕಾರಿಗೇನು ಕೆಲಸ?

ಸಿನಿಮಾದೊಳಗೆ ಬ್ರ್ಯಾಂಡ್ ತೋರಿಸುವ ನಮ್ಮ ಕಸುಬಿನಲ್ಲಿ ಕ್ಲೈಂಟ್‌ಗಳು ಮೊದಲು ಕೇಳುವುದು ಒಂದೇ: "ನಮ್ಮ ಲೋಗೋ ಎಷ್ಟು ಸೆಕೆಂಡ್ ಕಾಣುತ್ತೆ ಸಾರ್?" ಆಗ ನಾನು 1968ರ 'ಬುಲಿಟ್' ಚಿತ್ರದ ಹಸಿರು ಫೋರ್ಡ್ ಮಸ್ಟಾಂಗ್ ಮಾತು ತೆಗೆಯುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ಇಳಿಜಾರುಗಳಲ್ಲಿ ಸ್ಟೀವ್ ಮೆಕ್‌ಕ್ವೀನ್ ಹಾರಿಸಿಕೊಂಡು ಹೋದ ಆ ಕಾರಿನ ಮುಂದಿನ ಜಾಲರಿಯಲ್ಲಿ ಮಸ್ಟಾಂಗಿನ ಗುರುತಾದ ಕುದುರೆಯೇ ಇಲ್ಲ. ಬ್ಯಾಡ್ಜ್ ಕಿತ್ತುಹಾಕಿದ್ದರು. ಆದರೂ 2001, 2008 ಮತ್ತು 2019ರ ಮಾದರಿಗಳಲ್ಲಿ ಫೋರ್ಡ್ 'ಬುಲಿಟ್' ಹೆಸರಿನಲ್ಲೇ ವಿಶೇಷ ಆವೃತ್ತಿ ತಂದು ಮಾರಿತು.

ಕಾರಿಗೆ ಕಥೆಯಲ್ಲಿ ಕೆಲಸ ಇರಬೇಕು, ಅಷ್ಟೇ. 1977ರ 'ಸ್ಮೋಕಿ ಅಂಡ್ ದಿ ಬ್ಯಾಂಡಿಟ್' ನೋಡಿ. ಟೆಕ್ಸಾರ್ಕಾನಾದಿಂದ ಅಟ್ಲಾಂಟಾಗೆ 400 ಕೇಸ್ ಬಿಯರ್ ಕದ್ದುಮುಚ್ಚಿ ಸಾಗಿಸುವುದು ಲಾರಿ. ಅದರ ಮೇಲೆ ಪೊಲೀಸರ ಕಣ್ಣು ಬೀಳದಂತೆ ಅವರನ್ನು ಬೆನ್ನಿಗೆ ಹಚ್ಚಿಕೊಂಡು ಓಡುವುದು ಬರ್ಟ್ ರೆನಾಲ್ಡ್ಸ್‌ನ ಕಪ್ಪು ಪಾಂಟಿಯಾಕ್ ಟ್ರಾನ್ಸ್ ಆಮ್. ನೋಡಲಿ ಅಂತಲೇ ಓಡುವ ಕಾರು! ಬಾನೆಟ್ ತುಂಬ ರೆಕ್ಕೆ ಬಿಚ್ಚಿದ ಬಂಗಾರದ ಬಣ್ಣದ ಹಕ್ಕಿ ಯಾಕಿದೆ ಎಂದು ಯಾರೂ ಕೇಳುವಂತಿಲ್ಲ. 1977ರ ಮಾದರಿ ಸುಮಾರು 68,000 ಮಾರಾಟವಾಗಿತ್ತು, 1979ರದ್ದು 1,17,000 ಮುಟ್ಟಿತು. ಇದನ್ನೆಲ್ಲ ಸಿನಿಮಾದ ಖಾತೆಗೆ ಬರೆಯಲು ನಾನು ತಯಾರಿಲ್ಲ. ಚಿತ್ರ ಬರುವ ಮುಂಚೆಯೇ ಮಾರಾಟ ಏರುತ್ತಿತ್ತು, ಡಾಜ್ ಚಾಲೆಂಜರ್‌ನಂಥ ಎದುರಾಳಿಗಳು 1974ರಲ್ಲೇ ಜಾಗ ಖಾಲಿ ಮಾಡಿದ್ದವು.

ಆದರೆ ಕಸುಬಿನವರ ಕಣ್ಣಿಗೆ ಚಾಲಾಕಿ ಕೆಲಸ ಅಂದರೆ 2007ರ 'ಟ್ರಾನ್ಸ್‌ಫಾರ್ಮರ್ಸ್', ವಾಹನಗಳಾಗಿ ರೂಪ ಬದಲಿಸುವ ರೋಬಾಟ್‌ಗಳ ಚಿತ್ರ. ಮೂಲ ಆಟಿಕೆಯಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಆಗಿದ್ದ ಬಂಬಲ್‌ಬೀ ಎಂಬ ರೋಬಾಟ್ ಇಲ್ಲಿ ಷೆವರ್ಲೆ ಕ್ಯಾಮರೋ. ಮಜಾ ಏನೆಂದರೆ, ಆಗ ಷೋರೂಮಿನಲ್ಲಿ ಕ್ಯಾಮರೋ ಇರಲೇ ಇಲ್ಲ. 2002ರಲ್ಲೇ ಉತ್ಪಾದನೆ ನಿಂತಿತ್ತು. 2006ರ ಡೆಟ್ರಾಯಿಟ್ ಆಟೋ ಷೋದಲ್ಲಿ ಪ್ರದರ್ಶನಕ್ಕಿಟ್ಟಿದ್ದ ಕ್ಯಾಮರೋ ಕಾನ್ಸೆಪ್ಟ್ ಕಾರಿನ (ಮಾದರಿ ಕಾರಿನ) ಅಚ್ಚಿನಿಂದ ಹೊರಮೈ ತೆಗೆದು, ಪಾಂಟಿಯಾಕ್ ಜಿಟಿಒ ಮೇಲೆ ಕೂರಿಸಿ ಶೂಟಿಂಗ್ ಕಾರು ಮಾಡಿಸಿದ್ದರು.

ಆ ಚಿತ್ರದ ಸುರಂಗದ ದೃಶ್ಯವನ್ನು ನಾನು ಕ್ಲೈಂಟ್‌ಗಳಿಗೆ ತಪ್ಪದೆ ತೋರಿಸುತ್ತೇನೆ. ಇಷ್ಟು ಮುಂದುವರಿದ ರೋಬಾಟ್ ಇಂಥ ಡಕೋಟಾ ಕಾರಾಗುವುದು ಯಾಕೆ ಎಂದು ನಾಯಕಿ ಮೂದಲಿಸುತ್ತಾಳೆ. 1970ರ ದಶಕದ ಆ ಹಳೇ ಕ್ಯಾಮರೋಗೆ ರೋಷ ಬಂದು ನಾಯಕ, ನಾಯಕಿ ಇಬ್ಬರನ್ನೂ ಕೆಳಗಿಳಿಸಿ ಹೊರಡುತ್ತದೆ. ಪಕ್ಕದಲ್ಲಿ ಹೋಗುತ್ತಿದ್ದ ಹೊಸ ಕ್ಯಾಮರೋವನ್ನು ಸ್ಕ್ಯಾನ್ ಮಾಡಿ, ತಾನೂ ಹೊಸದಾಗಿ ವಾಪಸ್ ಬರುತ್ತದೆ. ಅಪ್ಪಟ ಎಕ್ಸ್‌ಚೇಂಜ್ ಆಫರ್ ಜಾಹೀರಾತು, ಆದರೆ ಥಿಯೇಟರಿನಲ್ಲಿ ಕೂತವನಿಗೆ ಹಾಗೆ ಅನ್ನಿಸುವುದಿಲ್ಲ.

ಕಾರು ಮಾರಾಟಕ್ಕೆ ಬಂದದ್ದು 2009ರಲ್ಲಿ. ಆ ಜೂನ್ 1ರಂದು ಷೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು, ಅದೇ ತಿಂಗಳು ಚಿತ್ರದ ಎರಡನೇ ಭಾಗ ತೆರೆಕಂಡಿತು. ಅಂಥ ಕಾಲದಲ್ಲೂ 2010ರಿಂದ 2014ರವರೆಗೆ ಅಮೆರಿಕದಲ್ಲಿ ಕ್ಯಾಮರೋ ಮಾರಾಟ ಮಸ್ಟಾಂಗನ್ನು ಹಿಂದಿಕ್ಕಿತು. ಎರಡು ವರ್ಷ ಆಸೆ ಹುಟ್ಟಿಸಿ ಕಾಯಿಸುವ ಈ ವರಸೆ ಕಾರಿಗೆ ಸರಿ, ಬಿಸ್ಕತ್ತಿಗೆ ಆಗದು.

ಹಾಗಾಗಿ ಕರಾರಿಗೆ ಮುಂಚೆ ನಾನು ಚಿತ್ರಕಥೆ ಕೇಳುತ್ತೇನೆ. ಈ ಕಾರು ತೆಗೆದು ಬೇರೊಂದು ಹಾಕಿದರೂ ದೃಶ್ಯ ನಡೆಯುವುದಾದರೆ, ದುಡ್ಡು ಹೋರ್ಡಿಂಗಿಗೆ ಹಾಕಿ ಅಂದುಬಿಡುತ್ತೇನೆ.

ಸಿನಿಮಾ ಗಿರಾಕಿಯನ್ನು ಷೋರೂಮ್ ತನಕ ಕರೆತರಬಹುದು, ಮುಂದಿನದು ಕಾರಿನ ಪಾಡು. ಟ್ರಾನ್ಸ್‌ಫಾರ್ಮರ್ಸ್ ಸರಣಿ ಇನ್ನೂ ನಡೆಯುತ್ತಿದ್ದಾಗಲೇ, 2015ರಲ್ಲಿ, ಮಸ್ಟಾಂಗ್ ಮತ್ತೆ ಮುಂದೆ ಹೋಯಿತು. ಕ್ಯಾಮರೋದ ಸಣ್ಣ ಕಿಟಕಿಗಳಿಂದ ಹೊರಗೆ ಸರಿಯಾಗಿ ಕಾಣುವುದಿಲ್ಲ ಎಂಬ ದೂರು ಕೊನೆಯವರೆಗೂ ಇತ್ತು. 2024ರ ಮಾದರಿಯೊಂದಿಗೆ ಆ ಕಾರಿನ ಉತ್ಪಾದನೆ ನಿಂತಿದೆ.