ಹೊಸ ಕ್ಲಿಯರ್‌ಗೆ ಕಟ್ಟಿಂಗ್: ಮೊದಲು ಉಗುರು, ಆಮೇಲೆ ಮಷಿನ್

ಪೇಂಟ್ ಆಗಿ ಬಂದ ಬಾನೆಟ್ ಶೆಡ್ಡಿನ ನೆರಳಲ್ಲಿ ಕನ್ನಡಿಯಂತೆ ಕಾಣುತ್ತದೆ. ಬೆಳಗ್ಗೆ ಎಂಟರ ಓರೆ ಬಿಸಿಲಿಗೆ ನಿಲ್ಲಿಸಿದಾಗಲೇ ಅದರ ಬಣ್ಣ ಬಯಲಾಗುವುದು: ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗು, ನಡುನಡುವೆ ಸಾಸಿವೆಯಷ್ಟು ಧೂಳಿನ ಕಾಳು. ಪೇಂಟ್ ಬೂತ್ ಇಲ್ಲದ ಶೆಡ್ಡಿನಲ್ಲಿ ಇದು ತಪ್ಪುವುದಿಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಕಡೆಯ ಮಸಿ, ಚಿತ್ರದುರ್ಗದಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನೇ ತಿರುಗಿಸುವ ಗಾಳಿ. ಎಷ್ಟೇ ಜಾಣ ಪೇಂಟರ್ ಆದರೂ ಒಂದಿಷ್ಟು ಕಸ ಕೂತೇ ಕೂರುತ್ತದೆ. ಇದನ್ನು ಮನೆಯಲ್ಲೇ ಉಜ್ಜಿ ತೆಗೆಯಬಹುದು, ಕಟ್ಟಿಂಗ್ ಎನ್ನುವುದು ಅದಕ್ಕೇ. ಆದರೆ ನೀವು ಉಜ್ಜುವುದು ಕಾರನ್ನಲ್ಲ, ಬಣ್ಣದ ಮೇಲೆ ಹೊಡೆದ ಕ್ಲಿಯರ್ ಎಂಬ 40ರಿಂದ 60 ಮೈಕ್ರಾನ್ ದಪ್ಪದ ಒಂದು ಪಾರದರ್ಶಕ ಪೊರೆಯನ್ನು. ನಾವು ಬರೆಯುವ ಕಾಗದದ ಹಾಳೆಯೇ ಸುಮಾರು 100 ಮೈಕ್ರಾನ್ ಇರುತ್ತದೆ.

ಆ ಪೊರೆಯೇ ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವುದು. ಅದನ್ನು ಅರ್ಧಕ್ಕೆ ಇಳಿಸಿದರೆ ಇವತ್ತು ಹೊಳಪು ಬರುತ್ತದೆ, ಕೆಲವು ವರ್ಷ ಕಳೆದ ಮೇಲೆ ಬಾನೆಟ್ಟು ಹಾವಿನಂತೆ ಪೊರೆ ಬಿಡುತ್ತದೆ. 1500 ನಂಬರಿನ ವಾಟರ್ ಪೇಪರ್‌ನಿಂದ (ನೀರಲ್ಲಿ ನೆನೆಸಿ ಉಜ್ಜುವ ಮರಳು ಕಾಗದ) ಶುರುಮಾಡಿ ಕೊನೆಯ ಪಾಲಿಶ್‌ವರೆಗೆ ಸಲೀಸಾಗಿ ಹತ್ತು ಮೈಕ್ರಾನ್ ಹೋಗಬಹುದು, ಕೈ ಭಾರವಾದರೆ ಇನ್ನೂ ಹೆಚ್ಚು. ಪೇಪರ್ ಹೊಡೆಯುವ ಯೋಚನೆ ಇದ್ದರೆ ಪೇಂಟರ್‌ಗೆ ಮೊದಲೇ ಹೇಳಿ ಮೂರನೇ ಕೋಟ್ ಕ್ಲಿಯರ್ ಹಾಕಿಸಿಕೊಳ್ಳಿ. ದಪ್ಪ ಅಳೆಯುವ ಮೀಟರ್ ತಂದು 300 ತೋರಿಸಿತು ಎಂದು ಬೀಗುವವರಿದ್ದಾರೆ. ಅದು ತಗಡಿನ ಮೇಲಿರುವ ಪುಟ್ಟಿ (ತಗ್ಗು ತುಂಬುವ ಲೇಪ), ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲದರ ಒಟ್ಟು ಲೆಕ್ಕ. ಒಂದೇ ಜಾಗದಲ್ಲಿ ಉಜ್ಜುವ ಮೊದಲು, ಉಜ್ಜಿದ ಮೇಲೆ ಅಳೆದು ವ್ಯತ್ಯಾಸ ನೋಡುವುದಕ್ಕಷ್ಟೇ ಅದು ಉಪಯೋಗ.

ಮೊದಲ ಪ್ರಶ್ನೆ, ಯಾವಾಗ ಕೈ ಹಾಕಬೇಕು ಎಂಬುದು. ಈಗ ಗ್ಯಾರೇಜುಗಳಲ್ಲಿ ಹೆಚ್ಚಾಗಿ ಹೊಡೆಯುವುದು ಹಾರ್ಡನರ್ ಬೆರೆಸುವ ಟೂ-ಕೆ ಕ್ಲಿಯರ್. ಅದು ಬಟ್ಟೆಯಂತೆ ಬರೀ ಒಣಗುವುದಲ್ಲ. ರಾಳ ಮತ್ತು ಹಾರ್ಡನರ್ ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಆ ಹೆಣಿಗೆ ಶಾಖ ಹೆಚ್ಚಿದಂತೆ ಬೇಗ ಆಗುತ್ತದೆ. ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ಎರಡು ಪಟ್ಟು ಎಂಬುದು ಒರಟು ಲೆಕ್ಕ. ಏಪ್ರಿಲ್‌ನಲ್ಲಿ ಹೊಡೆದದ್ದಕ್ಕೆ ಮಾರನೇ ದಿನ ಸಂಜೆ ಪೇಪರ್ ಇಡಬಹುದು. ಡಿಸೆಂಬರ್ ಚಳಿಯಲ್ಲಾದರೆ ಎರಡು ದಿನ ಬಿಡಿ, ಮಳೆಗಾಲದ ಜಡಿಯಲ್ಲೂ ಅಷ್ಟೇ. ಡಬ್ಬಿಯ ಕಂಪನಿಯ ಮಾಹಿತಿ ಹಾಳೆಯಲ್ಲಿ ಪಾಲಿಶ್‌ಗೆ ಎಷ್ಟು ಗಂಟೆ ಎಂದು ಬರೆದಿರುತ್ತದೆ; ಪೇಂಟರ್‌ನಿಂದ ಡಬ್ಬಿಯ ಹೆಸರು ಕೇಳಿ ಇಟ್ಟುಕೊಳ್ಳಿ.

ಹಾಳೆ ಏನೇ ಹೇಳಲಿ, ಕೊನೆಯ ಮಾತು ಉಗುರಿನದು. ಬಾಗಿಲು ತೆರೆದರೆ ಮಾತ್ರ ಕಾಣುವ ಅಂಚಿನಲ್ಲಿ ಹೆಬ್ಬೆರಳ ಉಗುರನ್ನು ಒತ್ತಿ ಹಿಡಿಯಿರಿ. ಗೆರೆ ಮೂಡಿ ಹಾಗೇ ಉಳಿದರೆ ಇನ್ನೂ ಹಸಿ. ಮೂಗು ಹತ್ತಿರ ಒಯ್ದಾಗ ಥಿನ್ನರ್ ವಾಸನೆ ಘಮ್ಮೆಂದರೂ ಹಸಿಯೇ. ಹಸಿ ಇದ್ದಾಗ ಉಜ್ಜಿದರೆ ಪೇಪರ್‌ಗೆ ಅಂಟು ಅಂಟಾಗಿ ಉಂಡೆ ಕಟ್ಟುತ್ತದೆ, ಆ ಉಂಡೆಯೇ ಹೊಸ ಗೀರು ಹಾಕುತ್ತದೆ. ಹಾಗೆಂದು ತಿಂಗಳುಗಟ್ಟಲೆ ಬಿಡುವುದೂ ಬೇಡ. ಪೂರ್ತಿ ಬಲಿತ ಕ್ಲಿಯರ್ ಕಟ್ ಮಾಡಲು ಎರಡರಷ್ಟು ಶ್ರಮ. ಉಗುರು ಪಾಸಾದ ಮೇಲಿನ ಒಂದು ವಾರ ಒಳ್ಳೆಯ ಅವಧಿ.

ಸ್ಪ್ರೇ ಡಬ್ಬಿಯಿಂದ ಹೊಡೆದ ಒನ್-ಕೆ ಕ್ಲಿಯರ್ ಬೇರೆ ಜಾತಿ. ಅದು ಥಿನ್ನರ್ ಆರಿ ಒಣಗುವಂಥದ್ದು, ಪೊರೆ ತೆಳು. ಅದಕ್ಕೆ 1500 ಹಚ್ಚಬೇಡಿ, ಮಷಿನ್ನೂ ಬೇಡ. ಕೈಯಲ್ಲಿ ಸಣ್ಣ ಪಾಲಿಶ್ ಸಾಕು. ಇನ್ನು ಟೂ-ಕೆ ಕ್ಲಿಯರನ್ನು ಮನೆಯಂಗಳದಲ್ಲೇ ಹೊಡೆಯುವ ಆಸೆ ಬಿಟ್ಟುಬಿಡಿ. ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಉಸಿರಾಟಕ್ಕೆ ಅಪಾಯ. ಕರ್ಚೀಫು ಕಟ್ಟಿಕೊಂಡರೆ ತಡೆಯುವಂಥದ್ದಲ್ಲ.

ಕೆಲಸಕ್ಕೆ ನೆರಳು, ತಣ್ಣನೆ ತಗಡು, ನಿಂತ ಗಾಳಿ ಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಇವು ಮೂರೂ ಒಟ್ಟಿಗೆ ಸಿಗುವುದು ಬೆಳಗ್ಗೆ ಆರರಿಂದ ಒಂಬತ್ತರೊಳಗೆ. ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ. ಬೋರ್‌ವೆಲ್ ನೀರು ಗಡಸಾದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಸುತ್ತದೆ. ತೊಳೆಯಲು ಅದೇ ಆಗಲಿ, ಪೇಪರ್ ನೆನೆಸಲು ಮತ್ತು ಕೊನೆಯ ಜಾಲಾಟಕ್ಕೆ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದಿಡಿ.

ಈಗ ಪೇಪರ್. 1500, 2000, 3000 ನಂಬರಿನ ವಾಟರ್ ಪೇಪರ್‌ಗಳನ್ನು ಹದಿನೈದು ನಿಮಿಷ ನೆನೆಸಿ. ನೀರಿಗೆ ಎರಡು ಹನಿ ಕಾರ್ ಶಾಂಪೂ. ಬಾಗಿಲ ಅಂಚು, ಬಾನೆಟ್ಟಿನ ಏಣು ಗೆರೆ, ವೀಲ್ ಆರ್ಚಿನ ತುಟಿ, ಇವಕ್ಕೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ಹೊಡೆಯುವಾಗಲೇ ಕ್ಲಿಯರ್ ಏಣುಗಳಿಂದ ಹಿಂದೆ ಸರಿದು ಅಲ್ಲಿ ತೆಳುವಾಗಿರುತ್ತದೆ, ಮಷಿನ್ನಿನ ಒತ್ತಡ ಬೀಳುವುದೂ ಅಲ್ಲೇ. ಹೊಸ ಪೇಂಟ್ ಮೇಲೆ ಟೇಪ್ ರಾತ್ರಿಯಿಡೀ ಬಿಟ್ಟರೆ ಅಚ್ಚು ಬೀಳುತ್ತದೆ. ಕೆಲಸ ಮುಗಿದ ಕೂಡಲೇ ಕಿತ್ತುಬಿಡಿ.

ಒಂದೆರಡು ಧೂಳಿನ ಕಾಳು ಮಾತ್ರ ಇದ್ದರೆ ಇಡೀ ಪ್ಯಾನೆಲ್ ಉಜ್ಜುವ ದುರಾಸೆ ಬೇಡ. ರೂಪಾಯಿ ನಾಣ್ಯದಷ್ಟು ಗಟ್ಟಿ ಬ್ಲಾಕಿಗೆ 2000 ಸುತ್ತಿ ಆ ಕಾಳಿನ ತಲೆಯನ್ನಷ್ಟೇ ಸವರಿ.

ಕಿತ್ತಳೆ ಸಿಪ್ಪೆ ತೆಗೆಯುವುದಾದರೆ 1500 ಅನ್ನು ರಬ್ಬರ್ ಬ್ಲಾಕಿಗೆ ಸುತ್ತಿ, ನೀರು ಹರಿಸುತ್ತಾ, ಒಂದೇ ದಿಕ್ಕಿನಲ್ಲಿ ನೇರವಾಗಿ ಎಳೆಯಿರಿ. ಬ್ಲಾಕ್ ಇಲ್ಲದೆ ಬೆರಳಲ್ಲಿ ಒತ್ತಿದರೆ ನಾಲ್ಕು ಬೆರಳಿಗೆ ನಾಲ್ಕು ಕಾಲುವೆ ಬೀಳುತ್ತವೆ. ಹತ್ತು ಎಳೆತಕ್ಕೊಮ್ಮೆ ನಿಲ್ಲಿಸಿ, ಹಾಲಿನಂಥ ನೀರನ್ನು ರಬ್ಬರ್ ಪಟ್ಟಿಯಿಂದ ಬಾಚಿ ತೆಗೆದು, ಓರೆಯಾಗಿ ನೋಡಿ. ಉಜ್ಜಿದ ಎತ್ತರಗಳು ಮಂಕಾಗಿರುತ್ತವೆ, ಪೇಪರ್ ಮುಟ್ಟದ ತಗ್ಗುಗಳು ಮಾತ್ರ ಗಸಗಸೆ ಚೆಲ್ಲಿದಂತೆ ಮಿನುಗುತ್ತಿರುತ್ತವೆ. ಉಜ್ಜುತ್ತಾ ಹೋದಂತೆ ಮಿನುಗು ಕಡಿಮೆಯಾಗುತ್ತದೆ. ಹತ್ತರಲ್ಲಿ ಎಂಟು ಚುಕ್ಕಿ ಹೋದರೆ ಅಲ್ಲಿಗೆ ನಿಲ್ಲಿ. ಉಳಿದೆರಡರ ಬೆನ್ನು ಹತ್ತಿದವರೇ ಕ್ಲಿಯರ್ ದಾಟಿ ಬಣ್ಣಕ್ಕೆ ಹೋಗುವುದು. ಇನ್ನೊಂದು ಮಾತಿದೆ: ಕಂಪನಿಯ ಪೇಂಟಿನಲ್ಲೂ ಸಣ್ಣ ಕಿತ್ತಳೆ ಸಿಪ್ಪೆ ಇದ್ದೇ ಇರುತ್ತದೆ. ಒಂದು ಬಾಗಿಲನ್ನು ಮಾತ್ರ ಗಾಜಿನಂತೆ ಮಟ್ಟ ಮಾಡಿದರೆ ಪಕ್ಕದ ಬಾಗಿಲ ಜೊತೆ ಅದು ಎಂದೂ ಹೊಂದುವುದಿಲ್ಲ. ರಿಪೇರಿ ಆದದ್ದು ಇಲ್ಲೇ ಎಂದು ಕೊಳ್ಳುವವನಿಗೆ ನೀವೇ ಬೆರಳು ಮಾಡಿ ತೋರಿಸಿದಂತಾಗುತ್ತದೆ.

ಆಮೇಲೆ ನೀರು ಬದಲಿಸಿ, 2000 ಅನ್ನು ಅಡ್ಡ ದಿಕ್ಕಿಗೆ ಎಳೆಯಿರಿ. ಹಳೆ ದಿಕ್ಕಿನ ಗೆರೆ ಒಂದೂ ಕಾಣದಿದ್ದಾಗ ಅದರ ಕೆಲಸ ಮುಗಿಯಿತು. ನಂತರ 3000. ಇದನ್ನು ಬೇಸರಪಟ್ಟು ಬಿಡುವವರೇ ಹೆಚ್ಚು, ಆದರೆ ಇಲ್ಲಿ ಕಳೆದ ಹತ್ತು ನಿಮಿಷ ಮುಂದೆ ಕಾಂಪೌಂಡ್ (ಪೇಪರ್ ಗೆರೆ ಅಳಿಸುವ ಪೇಸ್ಟ್) ಹಾಕಿ ಉಜ್ಜುವಾಗ ಅರ್ಧ ಗಂಟೆ ಉಳಿಸುತ್ತದೆ, ತಗಡೂ ಕಾಯುವುದಿಲ್ಲ.

ಮಷಿನ್ ವಿಷಯದಲ್ಲಿ ನಮ್ಮ ಸಲಹೆ ಸರಳ: ಮನೆಗೆ ಡಿಎ ಪಾಲಿಶರ್, ಅಂದರೆ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುವ ಮಷಿನ್. ಒಂದೇ ಅಚ್ಚಿನ ಮೇಲೆ ತಿರುಗುವ ಗ್ಯಾರೇಜಿನ ರೋಟರಿ ಬೇಗ ಕತ್ತರಿಸುತ್ತದೆ, ಅಷ್ಟೇ ಬೇಗ ಸುಡುತ್ತದೆ. ಗೋಡೆ ಕತ್ತರಿಸುವ ಆಂಗಲ್ ಗ್ರೈಂಡರಿಗೆ ಉಣ್ಣೆ ಪ್ಯಾಡ್ ಸಿಕ್ಕಿಸುವ ಸಾಹಸವಂತೂ ಬೇಡವೇ ಬೇಡ. ಅದು ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುತ್ತದೆ, ಪಾಲಿಶ್‌ಗೆ ಬೇಕಾದದ್ದು ಸಾವಿರದಿಂದ ಸಾವಿರದೈನೂರು.

ಐದಿಂಚಿನ ಕಟಿಂಗ್ ಫೋಮ್ ಪ್ಯಾಡಿಗೆ ಕಡಲೆಕಾಳಿನಷ್ಟು ನಾಲ್ಕು ಹನಿ ಕಾಂಪೌಂಡ್ ಇಡಿ. ಒಂದೂವರೆ ಅಡಿ ಚೌಕಕ್ಕಿಂತ ದೊಡ್ಡ ಜಾಗಕ್ಕೆ ಹೋಗಬೇಡಿ. ಒಂದನೇ ವೇಗದಲ್ಲಿ ಸವರಿ ಹರಡಿ, ನಾಲ್ಕಕ್ಕೋ ಐದಕ್ಕೋ ಏರಿಸಿ, ಸೆಕೆಂಡಿಗೆ ಒಂದಿಂಚಿನಷ್ಟು ನಿಧಾನವಾಗಿ, ಹಿಂದಿನ ಪಟ್ಟಿಯ ಅರ್ಧದ ಮೇಲೆ ಹಾಯುತ್ತಾ, ಮೊದಲು ಉದ್ದಕ್ಕೆ ಆಮೇಲೆ ಅಡ್ಡಕ್ಕೆ ಒಟ್ಟು ನಾಲ್ಕೈದು ಸಲ. ಪ್ಯಾಡ್ ಬೆನ್ನಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಂಡಿರಿ. ಗೆರೆ ತಿರುಗುವುದು ನಿಂತರೆ ಒತ್ತಡ ಹೆಚ್ಚಾಯಿತು ಅಥವಾ ಪ್ಯಾಡ್ ಓರೆಯಾಯಿತು ಎಂದರ್ಥ. ಒರೆಸಿ, ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಪ್ರತಿ ಚೌಕ ಮುಗಿದಾಗ ಪ್ಯಾಡನ್ನು ಬ್ರಶ್‌ನಿಂದ ಉಜ್ಜಿ. ಕ್ಲಿಯರ್ ಪುಡಿ ತುಂಬಿದ ಪ್ಯಾಡ್ ಕತ್ತರಿಸುವುದಿಲ್ಲ, ಬರೀ ಕಾಯಿಸುತ್ತದೆ. ಅಂಗೈ ಇಟ್ಟು ನೋಡಿ: ಬೆಚ್ಚಗಿದ್ದರೆ ಸರಿ, ಕೈ ಹಿಂದೆ ಎಳೆಯುವಷ್ಟಾದರೆ ನಿಲ್ಲಿಸಿ. ಪ್ಲಾಸ್ಟಿಕ್ ಬಂಪರ್ ಶಾಖವನ್ನು ತಗಡಿನಂತೆ ಹರಿಯಗೊಡುವುದಿಲ್ಲ, ಮೇಲ್ಮೈಯಲ್ಲೇ ನಿಂತು ಕ್ಲಿಯರ್ ಮೆತ್ತಗಾಗುತ್ತದೆ. ಅಲ್ಲಿ ವೇಗ ಒಂದು ಮೆಟ್ಟಿಲು ಇಳಿಸಿ.

ಕಣ್ಣು ಸದಾ ಪ್ಯಾಡಿನ ಮೇಲಿರಲಿ. ಬಣ್ಣದ ಮೇಲೆ ಕ್ಲಿಯರ್ ಇರುವ ಕಾರಿನಲ್ಲಿ ಪ್ಯಾಡಿಗೆ ಬಿಳಿಯ ಕೊಳೆ ಮಾತ್ರ ಹತ್ತಬೇಕು. ಕೆಂಪು ಕಾರಿಗೆ ಕೆಂಪು ಹತ್ತಿತೆಂದರೆ ಕ್ಲಿಯರ್ ತೂತಾಯಿತು, ಅದಕ್ಕೆ ಮರುಪೇಂಟ್ ಒಂದೇ ದಾರಿ. ಕ್ಲಿಯರ್ ಇಲ್ಲದ ಹಳೆಯ ಸಾಲಿಡ್ ಬಣ್ಣಕ್ಕೆ ಈ ಪರೀಕ್ಷೆ ನಡೆಯದು, ಅಲ್ಲಿ ಬಣ್ಣ ಹತ್ತುವುದು ಸಹಜ.

ಕಾಂಪೌಂಡ್ ಆದ ಮೇಲೆ ಮೆತ್ತನೆ ಫೋಮ್, ಸಣ್ಣ ಪಾಲಿಶ್, ಹಗುರ ಕೈ. ಕಪ್ಪು, ಕಡುನೀಲಿ ಕಾರಿಗೆ ಇದನ್ನು ಬಿಟ್ಟರೆ ಬಿಸಿಲಿನಲ್ಲಿ ಮಂಜು ಕವಿದಂತೆ ಕಾಣುತ್ತದೆ.

ಪಾಲಿಶ್‌ಗೆ ಬಗ್ಗದ ದೋಷಗಳೂ ಇವೆ. ಸೂಜಿಮೊನೆಯಂಥ ತೂತುಗಳಲ್ಲಿ ಕಾಂಪೌಂಡ್ ಕೂತು ಬಿಳಿ ಚುಕ್ಕಿಯಾದರೆ ಅದು ಒಳಗೆ ಸಿಕ್ಕಿಕೊಂಡ ಥಿನ್ನರ್ ಗುಳ್ಳೆ ಒಡೆದದ್ದು. ಉಜ್ಜಿದಷ್ಟೂ ಬಾಯಿ ಅಗಲವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ವೇಗದ ಥಿನ್ನರ್ ಬೆರೆಸಿ, ಕೋಟಿನ ಮೇಲೆ ಕೋಟು ಅವಸರದಲ್ಲಿ ಎಳೆದಾಗ ಮೇಲ್ಪದರ ಮುಚ್ಚಿಕೊಂಡು ಹೀಗಾಗುತ್ತದೆ. ಇನ್ನೊಂದು, ಚೆನ್ನಾಗಿ ಹೊಳೆದ ಬಾನೆಟ್ ಮೂರು ವಾರಕ್ಕೆ ಮಂಕಾಗಿ, ಅಳಿಸಿದ ಪೇಪರ್ ಗೆರೆಗಳು ಮತ್ತೆ ಮೂಡುವುದು. ಒಳಗಿನ ಥಿನ್ನರ್ ನಿಧಾನ ಹೊರಹೋಗುತ್ತಾ ಪೊರೆ ಕುಗ್ಗಿದ್ದರಿಂದ ಇದು. ಹೆದರಿ ಮತ್ತೆ ಪೇಪರ್ ಹಿಡಿಯಬೇಡಿ. ಕುಗ್ಗುವುದು ಪೂರ್ತಿ ಮುಗಿಯಲು ಇನ್ನೊಂದು ತಿಂಗಳು ಬಿಟ್ಟು, ಮೆತ್ತನೆ ಪ್ಯಾಡಿನಲ್ಲಿ ಸಣ್ಣ ಪಾಲಿಶ್ ಒಂದು ಸುತ್ತು ಹಾಕಿ.

ಆ ಥಿನ್ನರ್ ಹೊರಹೋಗಬೇಕಾದ್ದರಿಂದಲೇ ಕನಿಷ್ಠ 30 ದಿನ ವ್ಯಾಕ್ಸ್, ಸಿಲಿಕಾನ್, ಸೆರಾಮಿಕ್ ಕೋಟಿಂಗ್, ಪಿಪಿಎಫ್ (ಪೇಂಟ್ ಕಾಯಲು ಅಂಟಿಸುವ ಪಾರದರ್ಶಕ ಹಾಳೆ) ಯಾವುದೂ ಬೇಡ. ಪೇಂಟ್ ಆದ ಮೂರನೇ ದಿನವೇ ಸೆರಾಮಿಕ್ ಹಾಕಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ, ನಕ್ಕು ಮುಂದೆ ಹೋಗಿ. ಹಕ್ಕಿ ಹಿಕ್ಕೆ ಬಿದ್ದರೆ ಸಂಜೆವರೆಗೆ ಕಾಯದೆ ನೀರು ಹಾಕಿ ನೆನೆಸಿ ತೆಗೆಯಿರಿ. ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ಓಡಾಡುವವರು ಕೆಂಪು ಧೂಳನ್ನು ಬಟ್ಟೆಯಲ್ಲಿ ಒಣ ಒರೆಸಬಾರದು, ಅದು ಪೇಪರ್ ಉಜ್ಜಿದಂತೆಯೇ. ಗ್ಯಾರೇಜಿನಿಂದ ಬಂದ ಗಾಡಿಗೆ ಪೂಜೆ ಮಾಡಿಸುವುದಿದ್ದರೆ ನೆನೆದ ಅರಿಶಿನ, ಕುಂಕುಮವನ್ನು ಹೊಸ ಬಾನೆಟ್ಟಿಗೆ ಹಚ್ಚಬೇಡಿ ಎಂದು ಮನೆಯವರಿಗೆ ಮೊದಲೇ ಹೇಳಿಡಿ. ಹಸಿ ಕ್ಲಿಯರಿನಲ್ಲಿ ಕಲೆ ಇಳಿದರೆ ಮತ್ತೆ ಉಜ್ಜಬೇಕಾಗುತ್ತದೆ. ಮುಂದಿನ ಗಾಜಿಗೆ ಇಟ್ಟರಾಯಿತು.