ಸ್ವಯಂ ನಿರ್ವಹಣಾ ಕಾರ್ಯಾಗಾರ ಅಂದರೇನು?

ಸಕ್ಕರೆ ಕಾಯಿಲೆ, ಬಿಪಿ, ಸಂಧಿವಾತ, ಆಸ್ತಮಾ ಇರುವವರನ್ನು ಡಾಕ್ಟರು ನೋಡುವುದು ವರ್ಷಕ್ಕೆ ಕೆಲವೇ ಸಲ. ಉಳಿದ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳುವುದು, ನಿದ್ದೆಗೆಟ್ಟ ರಾತ್ರಿ ಕಳೆಯುವುದು, ಬೇಜಾರು ನುಂಗಿಕೊಳ್ಳುವುದು ಎಲ್ಲ ಅವರದೇ ಪಾಡು. ಇದನ್ನು ನಾಲ್ಕು ಜನರ ಜೊತೆ ಕೂತು ಕಲಿಯುವ ಜಾಗವೇ ಸ್ವಯಂ ನಿರ್ವಹಣಾ ಕಾರ್ಯಾಗಾರ.

ಇದರಲ್ಲಿ ತುಂಬಾ ಹೆಸರಾದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾದರಿ. ಕೇಟ್ ಲೋರಿಗ್ ಮತ್ತು ಅವರ ತಂಡ ಮೊದಲು ಸಂಧಿವಾತದವರಿಗೆ ಅಂತ ಶುರು ಮಾಡಿ, ಆಮೇಲೆ ಬೇರೆ ದೀರ್ಘಕಾಲದ ಕಾಯಿಲೆಗಳಿಗೂ ವಿಸ್ತರಿಸಿದರು. ವಾರಕ್ಕೊಮ್ಮೆ ಎರಡೂವರೆ ಗಂಟೆ, ಒಟ್ಟು 6 ವಾರ. ನಡೆಸಿಕೊಡುವವರು ತರಬೇತಿ ಪಡೆದ ಇಬ್ಬರು. ಅವರಲ್ಲಿ ಒಬ್ಬರಾದರೂ ಸ್ವತಃ ಕಾಯಿಲೆಯೊಂದಿಗೆ ಬದುಕುತ್ತಿರುವವರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. "ನನಗೂ ಮೆಟ್ಟಿಲು ಹತ್ತುವಾಗ ಮಂಡಿ ನೋಯುತ್ತೆ" ಅನ್ನುವವರ ಮಾತು ಮನಸ್ಸಿಗೆ ಬೇಗ ಇಳಿಯುತ್ತದೆ, ಅಲ್ವಾ?

ಒಂದೇ ಗುಂಪಿನಲ್ಲಿ ಬೇರೆ ಬೇರೆ ಕಾಯಿಲೆಯವರು ಇರುತ್ತಾರೆ. ಕಾಯಿಲೆ ಬೇರೆಯಾದರೂ ಸುಸ್ತು, ನೋವು, ಭಯ, ನಿದ್ದೆ ಬಾರದಿರುವುದು ಹೆಚ್ಚುಕಮ್ಮಿ ಎಲ್ಲರಿಗೂ ಇದ್ದದ್ದೇ.

ಇಲ್ಲಿ ಭಾಷಣ ಕಡಿಮೆ, ಅಭ್ಯಾಸ ಜಾಸ್ತಿ. ಪ್ರತಿ ವಾರ ಒಬ್ಬೊಬ್ಬರೂ ಒಂದು ಸಣ್ಣ ಯೋಜನೆ ಹಾಕಿಕೊಳ್ಳಬೇಕು. ಒಬ್ಬರು "ಇನ್ನು ಮೇಲೆ ವಾಕಿಂಗ್ ಮಾಡ್ತೀನಿ" ಅಂತಾರೆ ಅಂದುಕೊಳ್ಳಿ. ಅಷ್ಟಕ್ಕೇ ಬಿಡುವುದಿಲ್ಲ. ಎಷ್ಟು ಹೊತ್ತು? ಯಾವಾಗ? ವಾರದಲ್ಲಿ ಎಷ್ಟು ದಿನ? "ಬೆಳಿಗ್ಗೆ ಅರ್ಧ ಗಂಟೆ, ವಾರಕ್ಕೆ 5 ದಿನ." ಮಾಡೇ ಮಾಡ್ತೀನಿ ಅನ್ನುವ ನಂಬಿಕೆ ಹತ್ತಕ್ಕೆ ಎಷ್ಟು? "5." ಹಾಗಾದರೆ ಯೋಜನೆ ದೊಡ್ಡದಾಯಿತು, ಸ್ವಲ್ಪ ಇಳಿಸಿ ಅಂತಾರೆ. 10 ನಿಮಿಷ, 3 ದಿನ ಅಂದಾಗ ನಂಬಿಕೆ 8ಕ್ಕೆ ಏರುತ್ತದೆ. 7 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸರಿ. ಮುಂದಿನ ವಾರ ಬಂದು ಏನಾಯಿತು ಅಂತ ಹೇಳಬೇಕು. ಆಗಲಿಲ್ಲ ಅಂದರೆ ಯಾರೂ ಬೈಯುವುದಿಲ್ಲ. ಎಲ್ಲಿ ತೊಡಕಾಯಿತು, ಏನು ಮಾಡಬಹುದು ಅಂತ ಗುಂಪಿನವರೇ ಒಂದೊಂದು ದಾರಿ ಸೂಚಿಸುತ್ತಾರೆ.

"ನನ್ನಿಂದ ಆಗುತ್ತೆ" ಅನ್ನುವ ಧೈರ್ಯ ಬೆಳೆದರೆ ನಡವಳಿಕೆಯೂ ಬದಲಾಗುತ್ತದೆ ಎಂಬ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರ ವಿಚಾರವೇ ಇದಕ್ಕೆ ಬುನಾದಿ. 1999ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ, ಭಾಗವಹಿಸಿದವರು 6 ತಿಂಗಳ ನಂತರ ವ್ಯಾಯಾಮ ಜಾಸ್ತಿ ಮಾಡುತ್ತಿದ್ದರು, ಡಾಕ್ಟರ ಹತ್ತಿರ ಮೊದಲಿಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಆಸ್ಪತ್ರೆಗೆ ಸೇರುವುದೂ ಕಡಿಮೆಯಾಗಿತ್ತು.

ಹಾಗಂತ ಕಾಯಿಲೆ ವಾಸಿಯಾಗುತ್ತೆ ಅಂತಲ್ಲ. ಇದು ಚಿಕಿತ್ಸೆಯ ಜೊತೆಗೆ ನಡೆಯುವಂಥದ್ದು, ಚಿಕಿತ್ಸೆಯ ಬದಲಿಗೆ ಅಲ್ಲ. ಯಾವುದಾದರೂ ಕಾರ್ಯಾಗಾರದಲ್ಲಿ ಮಾತ್ರೆ ನಿಲ್ಲಿಸಿ ಅಂದರೆ, ಇಲ್ಲವೇ ಪುಡಿ, ಟಾನಿಕ್ ಮಾರಲು ಶುರು ಮಾಡಿದರೆ, ಎದ್ದು ಬಂದುಬಿಡಿ.